ಸಾಕು ಎಂದವಳ ತಾಟು

"ನನಗೆ ಚೆನ್ನಾಗಿ ಬರುತ್ತದೆ" ಎಂಬ ಮಾತನ್ನು ಕೃಷ್ಣವ್ವನ ಬಾಯಿಂದ ಕೇಳಿದವರು ಸವದತ್ತಿಯಲ್ಲಿ ಒಬ್ಬರೂ ಇರಲಿಲ್ಲ. ಹಸುಗೂಸಿನ ದಾರದೆಳೆಯಂಥ ನರಕ್ಕೆ ಒಂದೇ ಸಲಕ್ಕೆ ಸಲೈನ್ ಸೂಜಿ ಕೂರಿಸುವ ನರ್ಸು ಅವಳು. ಬೇರೆ ದವಾಖಾನೆಗಳಲ್ಲಿ ಚುಚ್ಚಿಸಿಕೊಂಡು ಸುಸ್ತಾದ ಕೂಸುಗಳನ್ನು ಎತ್ತಿಕೊಂಡು "ಕೃಷ್ಣವ್ವ ಸಿಸ್ಟರ್ ಅದಾರೇನ್ರಿ?" ಎಂದು ಕೇಳುತ್ತ ಜನ ಬರುತ್ತಿದ್ದರು. ಸೂಜಿ ಕೂತು, ಕೂಸಿನ ಅಳು ನಿಂತು, ತಾಯಿ ಕಣ್ಣೊರೆಸಿಕೊಂಡು "ನಿಮ್ಮ ಕೈಗುಣ ದೊಡ್ಡದ್ರಿ ಅಕ್ಕಾರ" ಎಂದರೆ ಇವಳ ಉತ್ತರ ಒಂದೇ: "ಏನೋ, ಅಷ್ಟಕ್ಕಷ್ಟ ಬರತೈತ್ರಿ. ಕೂಸಿನ ಪುಣ್ಯಾ."

ಇದು ಅವಳೊಬ್ಬಳ ವಿನಯ ಎಂದುಕೊಳ್ಳಬೇಡಿ. ಈ ಕಡೆಯ ರಿವಾಜೇ ಹಾಗೆ. ಹೆಣ್ಣು ನೋಡಲು ಬಂದವರು "ಹುಡುಗಿಗಿ ಅಡಗಿ ಬರತೈತಿಲ್ರಿ?" ಎಂದು ಕೇಳಿದರೆ, ಒಂದು ಮದುವೆಗಾಗುವಷ್ಟು ರೊಟ್ಟಿ ಒಬ್ಬಳೇ ಬಡಿಯುವ ಹುಡುಗಿಯ ತಾಯಿಯೂ "ಮಾಡತಾಳ್ರಿ ಏನೋ, ನೀವ ಕಲಸಬೇಕು" ಎನ್ನುತ್ತಾಳೆ. ಕಣದ ತುಂಬ ಜೋಳ ಬಿದ್ದವನನ್ನು ಬೆಳೆ ಹೇಗೆ ಎಂದು ಕೇಳಿ ನೋಡಿ, "ಅಡ್ಡಿಯಿಲ್ರಿ" ಎನ್ನುವುದರ ಮೇಲೆ ಒಂದಕ್ಷರ ಬರುವುದಿಲ್ಲ. ನಾಲ್ಕು ಜನರ ಮುಂದೆ ತನ್ನನ್ನು ತಾನು ಹೊಗಳಿಕೊಳ್ಳುವುದು ನಾಚಿಕೆಗೇಡು. ಕೇಳುವವರಿಗೂ ಅದು ಗೊತ್ತು. ಅಷ್ಟಕ್ಕಷ್ಟ ಎಂದರೆ ಎಷ್ಟು ಎಂದು ಅವರೇ ಅಳೆದುಕೊಳ್ಳುತ್ತಾರೆ. ಹೇಳುವವರು ಕಡಿಮೆ ಹೇಳುತ್ತಾರೆ, ಕೇಳುವವರು ಹೆಚ್ಚು ತಿಳಿದುಕೊಳ್ಳುತ್ತಾರೆ. ಇಲ್ಲಿಯ ಬೀಗತನ, ವ್ಯಾಪಾರ, ನೆರೆಹೊರೆ ಎಲ್ಲ ನಡೆದಿರುವುದು ಈ ನಂಬಿಕೆಯ ಮೇಲೆ.

ಕೃಷ್ಣವ್ವ ಕಟಕೋಳದ ಮುದಕಪ್ಪನ ಮಗಳು. ಬೆಳಗಾವಿಯಲ್ಲಿ ನರ್ಸಿಂಗ್ ಕಲಿತು ಬಂದ ವರ್ಷವೇ ಸವದತ್ತಿಯಲ್ಲಿ ಹತ್ತಿ ವ್ಯಾಪಾರದ ನಿಜಗುಣಪ್ಪನವರು ತಾಯಿಯ ನೆನಪಿಗೆಂದು ಒಂದು ಟ್ರಸ್ಟ್ ಮಾಡಿ, ಐದು ಕೋಣೆಯ ದವಾಖಾನೆ ತೆರೆದಿದ್ದರು. ಇವಳೇ ಅಲ್ಲಿಯ ಮೊದಲ ನರ್ಸು. ಕೆಲಸಕ್ಕೆ ಸೇರಿದ ದಿನ ಮಧ್ಯಾಹ್ನ ನಿಜಗುಣಪ್ಪನವರು ಅವಳನ್ನು ಮನೆಗೆ ಊಟಕ್ಕೆ ಕರೆದರು. ತಾಟಿನಲ್ಲಿ ಹೂರಣದ ಹೋಳಿಗೆ, ಮುಳಗಾಯಿ ಎಣಗಾಯಿ, ಎರಡು ನಮೂನೆ ಚಟ್ನಿ, ಕಟ್ಟಿನ ಸಾರು. "ಏನೂ ಮಾಡಿಲ್ಲವ್ವಾ, ರೊಟ್ಟಿ-ಪಲ್ಲೆ ಅಷ್ಟ. ಹೊಟ್ಟಿ ತುಂಬ ಉಣ್ಣು" ಎಂದರು. ಎರಡನೆಯ ಹೋಳಿಗೆಗೆ ಅವಳು ಕೈ ಅಡ್ಡ ಹಿಡಿದು "ಸಾಕ್ರಿ, ಸಾಕ್ರಿ" ಎಂದಾಗ ಬಡಿಸುವವರ ಕೈಯಿಂದ ತಾವೇ ಕಿತ್ತುಕೊಂಡು ತಾಟಿಗೆ ಹಾಕಿ, ಮೇಲೆ ತುಪ್ಪ ಸುರಿದು, "ಸಾಕಂದ್ರ ಯಾರ ಬಿಡತಾರ? ನೀ ಇನ್ನ ಮ್ಯಾಲ ನಮ್ಮ ಮನಿ ಮಗಳು" ಎಂದರು. ಅಂದಿನಿಂದ ಅವರು ಅವಳಿಗೆ ಕಾಕಾ ಆದರು. ಬರೀ ಕರೆಯುವುದಕ್ಕಲ್ಲ. ತಂದೆ ತೀರಿಹೋದ ಮೇಲೆ ಹೌದು-ಅಲ್ಲ ಎಂದು ಕೇಳಲು ಅವಳಿಗಿದ್ದ ಹಿರಿಯರು ಅವರೊಬ್ಬರೇ.

ಐದು ಕೋಣೆ ಹೋಗಿ ಮೂರು ಅಂತಸ್ತು ಆಯಿತು. ಕಾಕಾರ ಮಗ ಡಾಕ್ಟರಾಗಿ ಬಂದ, ಆಡಳಿತ ಕಲಿತ ಸೊಸೆ ಶೈಲಶ್ರೀ ಹುಬ್ಬಳ್ಳಿಯಿಂದ ಬಂದಳು. ನರ್ಸುಗಳ ಡ್ಯೂಟಿ ಹಂಚುವುದು, ಹೊಸಬರನ್ನು ತಿದ್ದುವುದು, ಡಾಕ್ಟರ್ ಬೈದಾಗ ನಡುವೆ ನಿಲ್ಲುವುದು, ಎಲ್ಲ ಕೃಷ್ಣವ್ವನದೇ. ಹುದ್ದೆಯ ಹೆಸರು ಮಾತ್ರ ಸಿಸ್ಟರ್. ತಿಂಗಳ ಮೀಟಿಂಗಿಗೆ ಅವಳನ್ನು ಕರೆಯುತ್ತಿದ್ದರು, ಪ್ರತಿಯೊಂದಕ್ಕೂ ಅವಳನ್ನೇ ಕೇಳುತ್ತಿದ್ದರು, ಅವಳು ಬಾಗಿಲ ಹತ್ತಿರ ನಿಂತು ಹೇಳುತ್ತಿದ್ದಳು. ಮೇಜಿನ ಸುತ್ತ ಅವಳಿಗೊಂದು ಕುರ್ಚಿ ಇರಲಿಲ್ಲ. ಆ ಕುರ್ಚಿ ಅವಳಿಗೆ ಬೇಕಾಗಿತ್ತು. ಸುಳ್ಳು ಯಾಕೆ, ಬಹಳ ಬೇಕಾಗಿತ್ತು. ಆದರೆ ಬೇಕು ಎಂದು ಬಾಯಿಬಿಟ್ಟು ಕೇಳುವುದು ಹೇಗೆ? ಕೊಡುವವರಿಗೆ ತಿಳಿಯುವುದಿಲ್ಲವೇ ಎಂದು ಇದ್ದಳು.

ಹೋದ ವರ್ಷ ದವಾಖಾನೆಗೆ ಗುಣಮಟ್ಟದ ಪ್ರಮಾಣಪತ್ರ ತರಿಸಬೇಕೆಂದು ಶೈಲಶ್ರೀ ಪಟ್ಟು ಹಿಡಿದಳು. ಅದಕ್ಕೆ ಎರಡು ಕೆಲಸ ಆಗಬೇಕಿತ್ತು. ಒಂದು, ನರ್ಸುಗಳ ಮುಖ್ಯಸ್ಥೆಯಾಗಿ ಒಬ್ಬ ಮೇಟ್ರನ್ನನ್ನು ನೇಮಿಸಬೇಕು. ಇನ್ನೊಂದು, ನರ್ಸುಗಳು ವೃತ್ತಿಯಲ್ಲಿ ಬೆಳೆಯಲು, ಮುಂದಾಳುತನ ಕಲಿಯಲು ತಮ್ಮ ಮೌಲ್ಯಮಾಪನವನ್ನು ತಾವೇ ಮಾಡಿಕೊಳ್ಳುವ ಪದ್ಧತಿ ಇರಬೇಕು. ಅಂಥ ಮೂರು ಪದ್ಧತಿಗಳ ಕಾಗದಗಳನ್ನು ತರಬೇತಿಯವರು ಕೊಟ್ಟು ಹೋಗಿದ್ದರು. ಕಾಕಾ ಅವನ್ನು ಕೃಷ್ಣವ್ವನ ಕೈಗಿಟ್ಟರು.

"ಯಾವುದು ನಮಗ ಬರೋಬ್ಬರಿ ಕೂಡತೈತಿ, ನೀನ ನೋಡಿ ಹೇಳವ್ವಾ. ನಾಳೆ ನಡಸಾಕಿ ನೀನ ಅಲ್ಲೇನು?"

ನಡಸಾಕಿ ನೀನ. ಆ ಮಾತನ್ನು ಮನೆಯವರೆಗೂ ಮನಸ್ಸಿನಲ್ಲಿ ಹಿಡಿದುಕೊಂಡು ಹೋದಳು. ಹಿಟ್ಟಿನ ಗಿರಣಿಯಲ್ಲಿದ್ದ ಗಂಡ ಬಾಳೇಶನಿಗೆ ಹೇಳಿದಾಗ ಅವನು ಮೈಮೇಲಿನ ಹಿಟ್ಟು ಝಾಡಿಸಿಕೊಂಡು, "ಅಂದ್ರ ಮೇಟ್ರನ್ ಆದಿ ಅನ್ನು" ಎಂದ. "ಇನ್ನೂ ಎಲ್ಲಿ" ಎಂದಳು, ಮುಖ ಮಾತ್ರ ಅರಳಿತ್ತು.

ಆ ವಾರವೆಲ್ಲ ಅವಳು ಮೂರನ್ನೂ ಮಾಡಿ ನೋಡಿದಳು. ಮೊದಲನೆಯದು ಮೊಬೈಲಿನಲ್ಲಿ ಮಾಡುವಂಥದು. ಕೇಳಿದ್ದಕ್ಕೆಲ್ಲ ಹೌದು, ಇಲ್ಲ ಒತ್ತುತ್ತ ಹೋದರೆ ಕೊನೆಗೆ ನೀವು ಎಂಥವರು ಎಂದು ಒಂದು ಬಣ್ಣ ಹೇಳುತ್ತಿತ್ತು. ಕೃಷ್ಣವ್ವನಿಗೆ ನೀಲಿ ಬಂತು. ನೀಲಿಯವರು ಶಾಂತರು, ಎಲ್ಲರನ್ನೂ ಕೂಡಿಸಿಕೊಂಡು ಹೋಗುವವರು ಎಂದು ಬರೆದಿತ್ತು. ಬಾಳೇಶ ತಾನೂ ಒತ್ತಿದ. ಅವನಿಗೂ ನೀಲಿಯೇ ಬಂತು. "ಇಬ್ಬರೂ ಶಾಂತ ಅದೇವಂತ. ಹಂಗಾದ್ರ ನಿನ್ನೆ ಉಪ್ಪಿನ ಸಲುವಾಗಿ ಹೊಡದಾಡಿದವರ ಯಾರ?" ಎಂದು ನಕ್ಕ. ಬಣ್ಣ ಗೊತ್ತಾದ ಮೇಲೆ ಏನು ಮಾಡಬೇಕೆಂದು ಆ ಪದ್ಧತಿ ಎಲ್ಲೂ ಹೇಳುತ್ತಿರಲಿಲ್ಲ. ಕೃಷ್ಣವ್ವ ಅದನ್ನು ಬದಿಗಿಟ್ಟಳು.

ಎರಡನೆಯದರಲ್ಲಿ ನಾವು ನಮಗೆ ಅಂಕ ಕೊಟ್ಟುಕೊಳ್ಳಬೇಕು, ಜೊತೆಗೆ ಕೆಲಸ ಮಾಡುವವರೆಲ್ಲ ಹೆಸರು ಹಾಕದೆ ನಮಗೆ ಅಂಕ ಕೊಡಬೇಕು. ಒಳ್ಳೆಯದೇ ಎನ್ನಿಸಿತು. ಆಮೇಲೆ ತನ್ನ ವಾರ್ಡನ್ನು ನೆನೆಸಿಕೊಂಡಳು. ಹಿರಿಯ ನರ್ಸು ತಂಗೆವ್ವ ಬಸುರಿಯ ಕುಬುಸದ ಕಾರ್ಯಕ್ಕೆ ಕೊಟ್ಟ ಒಂದು ಸೀರೆಯ ಮಾತಿಗೆ ದವಾಖಾನೆಯ ಔಷಧ ಅಂಗಡಿಯವಳೊಡನೆ ಮಾತು ಬಿಟ್ಟು ಎರಡು ವರ್ಷವಾಗಿತ್ತು. ಇಲ್ಲಿ ಎಲ್ಲರೂ ಒಬ್ಬರಿಗೊಬ್ಬರು ಸಂಬಂಧದಲ್ಲಿ ಏನಾದರೊಂದು ಆಗಬೇಕು. ಹೆಸರು ಹಾಕದಿದ್ದರೂ ಯಾರು ಬರೆದದ್ದೆಂದು ಸಂಜೆಯೊಳಗೆ ಗೊತ್ತಾಗುತ್ತದೆ, ಮಾರನೆಯ ದಿನದಿಂದ ಮದುವೆಗೆ ಕರೆಯುವುದು ನಿಲ್ಲುತ್ತದೆ. ಅದನ್ನೂ ಬಿಟ್ಟಳು.

ಮೂರನೆಯದು ಸಾದಾ ಹಾಳೆ. ಅಂಕ ಇಲ್ಲ, ಬಣ್ಣ ಇಲ್ಲ. ಚೆನ್ನಾಗಿ ಬರುತ್ತದೆ, ಅಷ್ಟಕ್ಕಷ್ಟೆ, ನೆರವು ಬೇಕು ಎಂಬ ಮೂರು ಕಾಲಂ. ಮಾಡುವ ಕೆಲಸಗಳನ್ನೆಲ್ಲ ಅವುಗಳಲ್ಲಿ ತುಂಬಬೇಕು. ನೆರವು ಬೇಕೆಂದು ಬರೆದದ್ದನ್ನು ಬಲ್ಲವರು ಆರು ತಿಂಗಳು ಜೊತೆಗೆ ನಿಂತು ಕಲಿಸಬೇಕು, ಆಮೇಲೆ ಮತ್ತೆ ಬರೆದು ನೋಡಬೇಕು. ಹಾಳೆ ಬರೆದವರ ಹತ್ತಿರವೇ ಇರಬೇಕು, ಬಡ್ತಿಗೂ ಶಿಕ್ಷೆಗೂ ಬಳಸಬಾರದು ಎಂದು ಕೆಳಗೆ ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಕೃಷ್ಣವ್ವ ಅದನ್ನು ಮತ್ತೆ ಮತ್ತೆ ಓದಿದಳು. ತಾನು ಹೊಸದಾಗಿ ಬಂದಾಗ ಇಂಥದೊಂದು ಹಾಳೆ ಇದ್ದಿದ್ದರೆ ಎಷ್ಟು ಅಳುವುದು ತಪ್ಪುತ್ತಿತ್ತು ಎನ್ನಿಸಿತು.

ಶೈಲಶ್ರೀಗೆ ಅದು ಹಿಡಿಸಲಿಲ್ಲ. "ಇದರಾಗ ಅಂಕಾನ ಇಲ್ಲಲ್ರಿ ಅಕ್ಕಾರ. ಯಾರು ಮುಂದ, ಯಾರು ಹಿಂದ, ಹೆಂಗ ತಿಳೀಬೇಕು?"

"ಅದು ತಿಳಿಯೂದ ಬ್ಯಾಡ್ರಿ. ಯಾರಿಗಿ ಏನ ಬರಂಗಿಲ್ಲ ಅನ್ನೂದು ಅವರವರಿಗಿ ತಿಳದ್ರ ಸಾಕು."

"ಆಗಲ್ರಿ. ಆದ್ರ ಹಾಳಿ ನಮ್ಮ ಫೈಲಿನಾಗ ಇರಬೇಕು. ಪ್ರಮಾಣಪತ್ರದವರು ಬಂದಾಗ ತೋರಸಬೇಕಲ್ಲ."

ಕೃಷ್ಣವ್ವನಿಗೆ ಅದು ಸರಿಬರಲಿಲ್ಲ. ನೇರ ಕಾಕಾರ ಹತ್ತಿರ ಹೋದಳು. "ಹಾಳಿ ಮಂದೀ ಕೈಗೆ ಹೋದ್ರ ಹುಡಿಗ್ಯಾರು ಖರೇ ಬರಿಯಂಗಿಲ್ರಿ ಕಾಕಾರ" ಎಂದಳು. ಕಾಕಾ ಕನ್ನಡಕ ತೆಗೆದು ಅವಳನ್ನೇ ನೋಡಿದರು. ಅಂಗಿಯ ಮೇಲಿಂದಲೇ ಎದೆಯ ಮೇಲಿನ ಲಿಂಗದ ಮೇಲೆ ಕೈಯಿಟ್ಟು, "ಲಕೋಟೆಯೊಳಗ ಹಾಕಿ, ಅಂಟು ಹಚ್ಚಿ ಕೊಡ್ರಿ. ಕಪಾಟಿನ ಕೀಲಿ ನನ್ನ ಹತ್ರ ಇರತೈತಿ. ಯಾರೂ ತಗಿಯಂಗಿಲ್ಲ. ನಾನೂ ತಗಿಯಂಗಿಲ್ಲ. ಸಾಕೇನವ್ವಾ?" ಎಂದರು. ಅಷ್ಟು ದೊಡ್ಡ ಮನುಷ್ಯ ಲಿಂಗ ಮುಟ್ಟಿ ಹೇಳಿದ ಮೇಲೆ ಇನ್ನೇನು ಕೇಳುವುದು? ಪದ್ಧತಿಯನ್ನು ಅಷ್ಟು ಜತನದಿಂದ ಪರೀಕ್ಷೆ ಮಾಡಿದ ಹೆಂಗಸು, ಕಪಾಟಿನ ಕೀಲಿ ಹಿಡಿದ ಕೈಯನ್ನು ಮಾತ್ರ ಕಣ್ಣುಮುಚ್ಚಿ ನಂಬಿದಳು.

ನರ್ಸುಗಳನ್ನು ಕೂರಿಸಿಕೊಂಡು ಅವಳೇ ತಿಳಿಸಿ ಹೇಳಿದಳು. ತಂಗೆವ್ವ ಮೊದಲೇ ಅನುಮಾನದವಳು. "ಬರಕೊಟ್ಟಿದ್ದು ಎಂದಾದ್ರೂ ನಮಗ ತಿರುಗ್ತೈತಿ ನೋಡ ಕೃಷ್ಣಾ" ಎಂದಳು. "ಕಾಕಾ ಮಾತ ಕೊಟ್ಟಾರ. ನಾ ಜಾಮೀನ ಅದೇನಿ" ಎಂದಳು ಕೃಷ್ಣವ್ವ. ಮಕ್ಕಳ ವಾರ್ಡಿಗೆ ಹೊಸದಾಗಿ ಬಂದಿದ್ದ ರೇಣು ಪೆನ್ನು ಹಿಡಿದು ಸುಮ್ಮನೆ ಕೂತಿದ್ದಳು. ಆ ಹುಡುಗಿಗೆ ಕೂಸಿನ ಕೈ ಹಿಡಿದರೆ ಬೆರಳು ನಡುಗುತ್ತಿದ್ದವು. ನಡುಗಿದಾಗಲೆಲ್ಲ "ಅಕ್ಕಾ, ಬರ್ರಿ" ಎಂದು ಕರೆಯುತ್ತಿದ್ದಳು, ಕೃಷ್ಣವ್ವ ಅವಳ ಕೈ ಮೇಲೆ ಕೈಯಿಟ್ಟು ಸೂಜಿ ಇಳಿಸುತ್ತಿದ್ದಳು.

"ಇದನ್ನೂ ಬರೀಲ್ರೀ ಅಕ್ಕಾ?"

"ಇದನ್ನ ಮದಲ ಬರಿ. ಬರದ್ರ ಕಲಸತೇನಿ. ಯಾರೂ ನೋಡಂಗಿಲ್ಲ."

ರೇಣು ಬರೆದಳು. ಕೃಷ್ಣವ್ವನೂ ತನ್ನ ಹಾಳೆ ಮುಂದಿಟ್ಟುಕೊಂಡಳು. ಚೆನ್ನಾಗಿ ಬರುತ್ತದೆ ಎಂಬ ಕಾಲಮ್ಮಿನ ಮುಂದೆ ಪೆನ್ನು ಹೋಗಲೊಲ್ಲದು. ಯಾರೂ ನೋಡದ ಹಾಳೆಯಲ್ಲೂ ತನ್ನನ್ನು ಹೊಗಳಿಕೊಳ್ಳಲು ಅವಳಿಗೆ ಸಂಕೋಚ. ಕೊನೆಗೆ "ಡ್ಯೂಟಿಗೆ ವೇಳೆಗೆ ಸರಿಯಾಗಿ ಬರುತ್ತೇನೆ" ಎಂದು ಒಂದೇ ಒಂದು ಸಾಲು ಬರೆದಳು. ಕೂಸುಗಳಿಗೆ ಸೂಜಿ ಹಾಕುವುದು, ಹೊಸಬರಿಗೆ ಕಲಿಸುವುದು, ನಾಲ್ಕು ಜನರನ್ನು ನಡೆಸಿಕೊಂಡು ಹೋಗುವುದು, ಎಲ್ಲ ಅಷ್ಟಕ್ಕಷ್ಟೆ ಎಂಬಲ್ಲಿ ಹೋದವು. ನೆರವು ಬೇಕು ಎಂಬಲ್ಲಿ ಮಾತ್ರ ಅವಳು ರಿವಾಜು ಬಿಟ್ಟು ಖರೇ ಬರೆದಳು: "ರೋಗಿ ತೀರಿಕೊಂಡರೆ ಮನೆಯವರಿಗೆ ಹೇಳುವುದು ನನ್ನಿಂದ ಆಗುವುದಿಲ್ಲ. ಬೇರೆಯವರನ್ನು ಕಳಿಸಿ ನಾನು ಸ್ಟೋರ್ ಕೋಣೆಯಲ್ಲಿ ನಿಂತಿರುತ್ತೇನೆ." ಬಾಳೇಶನಿಗೂ ಇದು ಗೊತ್ತಿರಲಿಲ್ಲ. ಬರೆದ ಮೇಲೆ ಎದೆ ಹಗುರಾಯಿತು. ಲಕೋಟೆಗೆ ಅಂಟು ಹಚ್ಚಿ ಕೊಟ್ಟಳು.

ಮುಂದಿನ ತಿಂಗಳು ಮೇಟ್ರನ್ ನೇಮಕಕ್ಕೆ ಟ್ರಸ್ಟಿಗಳ ಮೀಟಿಂಗು. ಬೈಲಹೊಂಗಲ, ಕಿತ್ತೂರಿನ ಹಿರಿಯರು ಬಂದಿದ್ದರು. ನರ್ಸುಗಳನ್ನೂ ಕರೆದಿದ್ದರು. ಕೃಷ್ಣವ್ವ ಆ ದಿನ ಇಳಕಲ್ ಸೀರೆ ಉಟ್ಟು ಹೋಗಿದ್ದಳು. ಮೇಜಿನ ಹತ್ತಿರ ಒಂದು ಹೊಸ ಕುರ್ಚಿ ಇತ್ತು. ಅದರಲ್ಲಿ ಶೈಲಶ್ರೀಯ ಚಿಕ್ಕಪ್ಪನ ಮಗಳು ಮಂಜುಳಾ ಕೂತಿದ್ದಳು. ಬೆಳಗಾವಿಯ ದೊಡ್ಡ ಆಸ್ಪತ್ರೆಯಲ್ಲಿ ನರ್ಸಾಗಿದ್ದವಳು. ನೋಡಲು ಬಂದಿರಬೇಕು ಎಂದುಕೊಂಡಳು ಕೃಷ್ಣವ್ವ.

ಮೇಟ್ರನ್ ಹುದ್ದೆಗೆ ಶೈಲಶ್ರೀ ಮಂಜುಳಾಳ ಹೆಸರು ಹೇಳಿದಾಗ ಬೈಲಹೊಂಗಲದ ಹಿರಿಯರೊಬ್ಬರು, "ಅಲ್ಲ, ಕೃಷ್ಣವ್ವ ಅದಾಳಲ್ರಿ, ಹೊರಗಿನವರು ಯಾಕ?" ಎಂದು ಕೇಳಿಯೇ ಕೇಳಿದರು. ಆಗ ಕಾಕಾ ಮುಂದಿದ್ದ ಫೈಲು ತೆರೆದರು. ಒಳಗೆ ಲಕೋಟೆಗಳಿದ್ದವು. ಎಲ್ಲದರ ಬಾಯಿಯೂ ತೆರೆದಿತ್ತು.

"ನಮಗೂ ಆಕೀನ ಆಗಲಿ ಅಂತ ಇತ್ರಿ. ಆದ್ರ ಏನ್ ಮಾಡೂದು, ಆಕೀನ ಬರದಾಳ" ಎಂದು ಕನ್ನಡಕ ಏರಿಸಿಕೊಂಡು ಓದತೊಡಗಿದರು. "ಕೂಸುಗೋಳಿಗೆ ಸೂಜಿ ಹಾಕೂದು, ಅಷ್ಟಕ್ಕಷ್ಟೆ. ಹೊಸಬರಿಗೆ ಕಲಸೂದು, ಅಷ್ಟಕ್ಕಷ್ಟೆ. ಮಂದೀನ ನಡಸೂದು, ಅಷ್ಟಕ್ಕಷ್ಟೆ." ಒಂದೊಂದು ಓದಿದಾಗಲೂ ತಮಗೇ ನೋವಾಗುತ್ತಿದೆ ಎನ್ನುವಂತೆ ತಲೆಯಾಡಿಸುತ್ತಿದ್ದರು. ಸ್ಟೋರ್ ಕೋಣೆಯ ಸಾಲನ್ನೂ ಬಿಡಲಿಲ್ಲ. ಅದನ್ನು ಓದುವಾಗ ಕೃಷ್ಣವ್ವನಿಗೆ ಸೀರೆ ಸೆಳೆದಂತಾಯಿತು.

ಅಷ್ಟಕ್ಕೇ ನಿಲ್ಲಿಸಲಿಲ್ಲ. ಪದ್ಧತಿಯನ್ನು ಎಷ್ಟು ನಿಷ್ಠೆಯಿಂದ ನಡೆಸಿದ್ದೇವೆ ನೋಡಿ ಎಂದು ತೋರಿಸಲು ಇನ್ನೂ ಎರಡು-ಮೂರು ಹಾಳೆ ಓದಿದರು. ರೇಣುವಿನದೂ ಅವುಗಳಲ್ಲಿ ಒಂದು. "ಕೂಸಿನ ಕೈ ಹಿಡಿದರೆ ನನ್ನ ಕೈ ನಡುಗುತ್ತದೆ" ಎಂದು ಓದಿ, "ಇಂಥವರನ್ನ ಮಕ್ಕಳ ವಾರ್ಡಿನಾಗ ಇಟ್ರ ನಾಳೆ ಹೆಚ್ಚುಕಮ್ಮಿ ಆದ್ರ ಯಾರು ಜವಾಬು?" ಎಂದರು. ರೇಣು ಕೃಷ್ಣವ್ವನ ಕಡೆ ತಿರುಗಿ ನೋಡಿದಳು.

ಕೃಷ್ಣವ್ವನಾದರೂ ಏನೆಂದು ಹೇಳುವುದು? ನನಗೆ ಎಲ್ಲಾ ಚೆನ್ನಾಗಿ ಬರುತ್ತದೆ ಎಂದೇ? ಆ ಮಾತು ಬರುತ್ತಿದ್ದರೆ ಹಾಳೆಯಲ್ಲೇ ಬರೆಯುತ್ತಿದ್ದಳಲ್ಲ. ಅವಳನ್ನು ಸುಟ್ಟದ್ದು ಕುರ್ಚಿ ಹೋದದ್ದಲ್ಲ. ಮನೆ ತುಂಬ ಅಡುಗೆ ಮಾಡಿಸಿ ಏನೂ ಮಾಡಿಲ್ಲ ಎನ್ನುವ ಈ ಮನುಷ್ಯನಿಗೆ ತನ್ನ ಅಷ್ಟಕ್ಕಷ್ಟದ ಅರ್ಥ ಗೊತ್ತಿರಲಿಲ್ಲವೇ? ಶೈಲಶ್ರೀ ಹೊರಗಿನವಳೆಂದು ಬಿಡಬಹುದು, ಆದರೆ ಅವಳೂ ಹುಬ್ಬಳ್ಳಿಯವಳು, ಅವಳ ತಾಯಿಯೂ ಹೆಣ್ಣು ತೋರಿಸುವಾಗ ಹೀಗೇ ಹೇಳಿರಬೇಕು. ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೇ ಮಾಡಿದರು. ಸಾಕು ಎಂದಳೆಂದು ಅವಳ ತಾಟನ್ನೇ ಎತ್ತಿ ಇನ್ನೊಬ್ಬರ ಮುಂದಿಟ್ಟರು.

ಮೀಟಿಂಗು ಮುಗಿದ ಮೇಲೆ ಅವಳು ಕಾಕಾರ ಕೋಣೆಗೆ ಹೋದಳು. "ಲಿಂಗ ಮುಟ್ಟಿ ಹೇಳಿದ್ರಿ ಕಾಕಾರ" ಎಂದಳು. ದನಿ ಅವಳದೇ ಎಂದು ಅವಳಿಗೇ ಅನ್ನಿಸಲಿಲ್ಲ.

ಕಾಕಾ ಕಣ್ಣು ತಪ್ಪಿಸಲಿಲ್ಲ, ಅದೇ ದೊಡ್ಡ ಆಶ್ಚರ್ಯ. "ದವಾಖಾನಿ ಸಲುವಾಗಿ ತಗದೇವವ್ವಾ, ನನ್ನ ಸಲುವಾಗಿ ಅಲ್ಲ. ನೀ ಮನಸಿಗಿ ಹಚಗೋಬ್ಯಾಡ."

"ಅಷ್ಟಕ್ಕಷ್ಟ ಅಂದ್ರ ಏನಂತ ನಿಮಗ ಗೊತ್ತಿಲ್ಲೇನ್ರಿ?"

"ಗೊತ್ತಿರೂದು ಬ್ಯಾರೆ, ಬರದದ್ದು ಬ್ಯಾರೆ. ಹೇಳಿದ್ದನ್ನ ಹೇಳಿದಂಗ ತಗೋಬೇಕಾಗತೈತಿ. ಒಳಗ ಏನೈತಿ ಅಂತ ನಾವು ಹೆಂಗ ತಿಳಕೋಬೇಕು?" ಎಂದು ಮೊಬೈಲು ಎತ್ತಿಕೊಂಡರು. ಹೊರಡುವಾಗ ಹಿಂದಿನಿಂದ, "ನೀ ಈಗೂ ನಮ್ಮ ಮನಿ ಮಗಳ" ಎಂದದ್ದು ಕೇಳಿಸಿತು. ಅವಳಿಗೆ ಹೇಸಿಗೆಯಾಯಿತು.

ಹೊರಗೆ ತಂಗೆವ್ವ ಕಾಯುತ್ತಿದ್ದಳು. ಬೈಯಬಹುದಿತ್ತು, ಬೈದಿದ್ದರೆ ಚೆನ್ನಾಗಿತ್ತು. "ಜಾಮೀನ ಅದೇನಿ ಅಂದಿದ್ದೆಲ್ಲ ಕೃಷ್ಣಾ" ಎಂದಷ್ಟೇ ಹೇಳಿ ವಾರ್ಡಿಗೆ ಹೋದಳು. ರೇಣುವನ್ನು ಮರುದಿನವೇ ಚೀಟಿ ಬರೆಯುವ ಕಿಟಕಿಗೆ ಹಾಕಿದರು. ಕೃಷ್ಣವ್ವ ಆ ಕಿಟಕಿಯ ಮುಂದೆ ನಿಂತು, "ನನಗ ಗೊತ್ತಿರಲಿಲ್ಲವ್ವಾ ರೇಣು, ನನ್ನೂ ನಂಬಿಸಿ ಕುತಿಗಿ ಕೊಯ್ದ್ರು" ಎಂದಾಗ ಹುಡುಗಿ ತಲೆ ಎತ್ತದೆ, "ಹೆಸರ ಹೇಳ್ರಿ" ಎಂದು ಹಿಂದಿದ್ದವರನ್ನು ಕರೆದಳು.

ಕೆಲಸ ಬಿಟ್ಟುಬಿಡು ಎಂದ ಬಾಳೇಶ. "ಗಿರಣಿ ಐತಿ, ರೊಟ್ಟಿಗಿ ಕೊರತಿ ಇಲ್ಲ" ಎಂದ. ಬಿಡಬೇಕೆಂದೇ ಇತ್ತು ಅವಳಿಗೂ. ಆದರೆ ಬಿಟ್ಟರೆ ಆ ಹಾಳೆಯಲ್ಲಿ ಬರೆದದ್ದೇ ಖರೆಯಾಗಿ ಉಳಿಯುತ್ತದೆ ಎನ್ನಿಸಿತು. ಉಳಿದಳು. ಮಂಜುಳಾ ಕೆಟ್ಟವಳೇನಲ್ಲ, "ಅಕ್ಕಾರ, ಇದ ಹೆಂಗ ಮಾಡೂದ್ರಿ?" ಎಂದು ಬಂದು ಕೇಳುತ್ತಿದ್ದಳು. ಕೃಷ್ಣವ್ವ ಹೇಳಿಕೊಡುತ್ತಿದ್ದಳು. ಮುಂಚಿನಂತೆ ನಿಂತುಕೊಂಡೇ.

ಆರು ತಿಂಗಳಿಗೆ ಎರಡನೆಯ ಸಲ ಹಾಳೆ ಬಂತು. ಈ ಸಲ ಯಾರೂ ಯಾರಿಗೂ ತಿಳಿಸಿ ಹೇಳಬೇಕಾಗಲಿಲ್ಲ. ತಂಗೆವ್ವ ಕಣ್ಣಿಗೆ ಪೊರೆ ಬಂದು ಔಷಧದ ಹೆಸರನ್ನು ಬೇರೆಯವರಿಂದ ಓದಿಸಿಕೊಳ್ಳುತ್ತಿದ್ದಳು, ಅವಳ ಹಾಳೆಯಲ್ಲೂ ಎಲ್ಲ ಚೆನ್ನಾಗಿ ಬರುತ್ತದೆ. ರೇಣುವಿನದೂ ಹಾಗೇ. ನೆರವು ಬೇಕು ಎಂಬ ಕಾಲಂ ಎಲ್ಲರದೂ ಖಾಲಿ. ಅದನ್ನು ನೋಡಿ ಶೈಲಶ್ರೀಗೆ ಸಂತೋಷವೋ ಸಂತೋಷ. ಪದ್ಧತಿ ಫಲ ಕೊಟ್ಟಿತು ಎಂದು ಪ್ರಮಾಣಪತ್ರದವರಿಗೆ ಬರೆದು ಕಳಿಸಿದಳು. ರೇಣುವನ್ನು ಮಕ್ಕಳ ವಾರ್ಡಿಗೆ ಮರಳಿ ಹಾಕಿದರು. ಕೃಷ್ಣವ್ವನೂ ತನ್ನ ಹಾಳೆಯಲ್ಲಿ ಮೊದಲ ಕಾಲಂ ಪೂರ್ತಿ ತುಂಬಿದಳು. ಹುಟ್ಟಿದಾಗಿನಿಂದ ಬರದಿದ್ದ ಮಾತು ಅಂದು ಸರಾಗವಾಗಿ ಬಂತು. ಬರೆಯುವಾಗ ನಾಚಿಕೆಯೂ ಆಗಲಿಲ್ಲ, ಅದೇ ಅವಳಿಗೆ ಬೇಸರ ತಂದಿತು.

ಕೆಲವು ದಿನಕ್ಕೆ ಸಾಲಹಳ್ಳಿಯಿಂದ ವಾಂತಿ-ಭೇದಿಯಾದ ಕೂಸೊಂದನ್ನು ತಂದರು. ಕಣ್ಣು ಗುಳಿಬಿದ್ದು, ಅಳುವುದಕ್ಕೂ ತ್ರಾಣವಿರಲಿಲ್ಲ. ಕೃಷ್ಣವ್ವ ಬಾಗಿಲಿಗೆ ಬಂದಾಗ ರೇಣು ಕೂಸಿನ ಕೈ ಹಿಡಿದು ನರ ಹುಡುಕುತ್ತಿದ್ದಳು. ಒಂದು ಕೈ ಆಗಲೇ ಊದಿತ್ತು. ಇನ್ನೊಂದಕ್ಕೆ ಸೂಜಿ ಹೋಯಿತು, ತಪ್ಪಿತು. ಅಜ್ಜಿ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು. ರೇಣುವಿನ ಬೆರಳು ನಡುಗುತ್ತಿದ್ದುದು ಬಾಗಿಲಿಗೇ ಕಾಣುತ್ತಿತ್ತು. ಕೃಷ್ಣವ್ವ ಕಾಯ್ದಳು. ಈಗ ಕರೆಯುತ್ತಾಳೆ, ಈಗ ಅಕ್ಕಾ ಎನ್ನುತ್ತಾಳೆ ಎಂದು ಕಾಯ್ದಳು.

"ನಾ ಹಿಡೀಲೇನವ್ವಾ?"

"ಬ್ಯಾಡ್ರಿ ಸಿಸ್ಟರ್. ನನಗ ಬರತೈತ್ರಿ."

ಸಿಸ್ಟರ್. ಅಕ್ಕ ಹೋಗಿ ಸಿಸ್ಟರ್ ಆಗಿತ್ತು. ರೇಣು ಮತ್ತೆ ಸೂಜಿ ಎತ್ತಿದಳು. ಕೂಸಿನ ತಲೆ ಒಂದು ಕಡೆಗೆ ವಾಲಿತು. ಕೃಷ್ಣವ್ವ ಇನ್ನು ಕೇಳಲಿಲ್ಲ. ಹುಡುಗಿಯನ್ನು ಹೆಗಲಿನಿಂದ ಸರಿಸಿ, ಕೂಸಿನ ಕಾಲು ಹಿಡಿದು, ಪಾದದ ಹತ್ತಿರ ಬೆರಳಾಡಿಸಿ ಸೂಜಿ ಕೂರಿಸಿದಳು. ಸಲೈನ್ ಹನಿಯತೊಡಗಿತು. ಕೂಸು ಬದುಕಿತು. ಅಜ್ಜಿ ಕೃಷ್ಣವ್ವನ ಕಾಲಿಗೆ ಬಗ್ಗಿದಳು, ಅವಳು ಅಷ್ಟಕ್ಕಷ್ಟ ಎಂಬ ಅದೇ ಹಳೆಯ ಉತ್ತರ ಕೊಡಲು ಹೋಗಿ, ಅದನ್ನು ಅಲ್ಲೇ ಬಿಟ್ಟು ಅಜ್ಜಿಯನ್ನು ಹಿಡಿದೆತ್ತಿದಳು.

ಟ್ರೇ ಎತ್ತಿಕೊಂಡು ಹೊರಡುವಾಗ ರೇಣು ತಿರುಗಿದಳು. ಕಣ್ಣು ತುಂಬಿದ್ದವು, ಬಾಯಿ ಮಾತ್ರ ಗಟ್ಟಿಯಾಗಿತ್ತು. "ಇದನ್ನೂ ಬರೀತೀರೇನ್ರಿ?"

ಕಾಕಾ ಓದಿದಾಗ ಆಗದ ನೋವು ಕೃಷ್ಣವ್ವನಿಗೆ ಆ ಮಾತಿಗೆ ಆಯಿತು. ಕಾಕಾ ಅವಳಿಂದ ಒಂದು ಕುರ್ಚಿ ಕಿತ್ತುಕೊಂಡಿದ್ದರು ಎಂದು ಅಷ್ಟು ದಿನ ತಿಳಿದಿದ್ದಳು. ಆದರೆ ನನಗೆ ಈ ಕೆಲಸ ಬರುವುದಿಲ್ಲ ಎಂದರೆ ಬಂದು ಕೈ ಹಿಡಿಯುವವರಿದ್ದಾರೆ ಎಂಬ ನಂಬಿಕೆಯನ್ನೇ ಅವರು ದವಾಖಾನೆಯಿಂದ ಕಿತ್ತು ಒಗೆದಿದ್ದರು. ಅದನ್ನು ಕೀಳಿಸಿದ್ದು ಅವಳ ಕೈಯಿಂದಲೇ.

ಪ್ರಮಾಣಪತ್ರ ಬಂತು. ಆ ಖುಷಿಗೆ ಕಾಕಾರ ಮನೆಯಲ್ಲಿ ಎಲ್ಲರಿಗೂ ಊಟ. "ಹೋಗಬ್ಯಾಡ" ಎಂದ ಬಾಳೇಶ. ಹೋಗದಿದ್ದರೆ ಹೊಟ್ಟೆಕಿಚ್ಚು ಎನ್ನುತ್ತಾರೆ ಎಂದು ಕೃಷ್ಣವ್ವ ಹೋದಳು. ನಡುಮನೆಯಲ್ಲಿ ಸಾಲಾಗಿ ತಾಟು ಹಾಕಿದ್ದರು. ಹೋಳಿಗೆ, ಎಣಗಾಯಿ, ಚಟ್ನಿ, ಕಟ್ಟಿನ ಸಾರು, ಮೊದಲ ದಿನದ್ದೇ ಎಲ್ಲ. ಎದುರಿನ ಸಾಲಿನಲ್ಲಿ ರೇಣು ಕೂತಿದ್ದಳು. ಕಾಕಾ ಪಂಚೆಯ ಚುಂಗು ಹಿಡಿದು ಒಬ್ಬೊಬ್ಬರನ್ನೇ ಮಾತಾಡಿಸುತ್ತ ಬಂದು ಕೃಷ್ಣವ್ವನ ಮುಂದೆ ನಿಂತರು.

"ಏನೂ ಮಾಡಿಲ್ಲವ್ವಾ, ರೊಟ್ಟಿ-ಪಲ್ಲೆ ಅಷ್ಟ. ಹೊಟ್ಟಿ ತುಂಬ ಉಣ್ಣು."

ಕೃಷ್ಣವ್ವ ತಾಟು ನೋಡಿದಳು, ಅವರ ಮುಖ ನೋಡಿದಳು.

"ಏನೂ ಮಾಡಿಲ್ಲೇನ್ರಿ ಕಾಕಾರ?"

"ಏನೂ ಇಲ್ಲವ್ವಾ, ಸುಮ್ಮ ಒಂದೀಟು..."

"ಹಂಗಾದ್ರ ಉಣ್ಣೂದು ಏನೈತ್ರಿ? ಹೇಳಿದ್ದನ್ನ ಹೇಳಿದಂಗ ತಗೋಬೇಕಲ್ಲ." ಎಂದವಳೇ ಎದ್ದು ನಿಂತಳು.

ಕಾಕಾ ನಕ್ಕರು. ಚೇಷ್ಟೆ ಎಂದುಕೊಂಡರು. ಸಾಲಿನಲ್ಲಿ ಬೇರೆ ಯಾರೂ ನಗಲಿಲ್ಲ. ಕಾಕಾರ ಮುಖ ಸಣ್ಣದಾಯಿತು. "ತಾಟ ಬಿಟ್ಟ ಏಳಬಾರದವ್ವಾ, ಕುಂಡ್ರು" ಎಂದು ಹೊರಟವಳ ಹಿಂದೆ ಎರಡು ಹೆಜ್ಜೆ ಬಂದರು. ಬಡಿಸಿದ ತಾಟು ಬಿಟ್ಟು ಎದ್ದು ಹೋದರೆ ಆ ಮನೆಗೆ ಎಂಥ ಅವಮಾನ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಅದನ್ನು ಯಾರೂ ಹಾಳೆಯಲ್ಲಿ ಬರೆದುಕೊಡಬೇಕಾಗಿರಲಿಲ್ಲ.

ಹೊಸ್ತಿಲ ಹೊರಗೆ ಚಪ್ಪಲಿ ಮೆಟ್ಟಿಕೊಳ್ಳುತ್ತ ಕೃಷ್ಣವ್ವ ಒಮ್ಮೆ ಒಳಗೆ ನೋಡಿದಳು. ರೇಣು ತಲೆ ಎತ್ತಲಿಲ್ಲ. ಬಡಿಸುವವರು ಅವಳ ಮುಂದೆ ಬಂದಿದ್ದರು. ಹುಡುಗಿ ತಾಟಿನ ಮೇಲೆ ಕೈ ಅಡ್ಡ ಹಿಡಿದು "ಸಾಕ್ರಿ, ಸಾಕ್ರಿ" ಎಂದಳು. ಅವರು ಆ ಕೈಯ ಪಕ್ಕದಿಂದಲೇ ಇನ್ನೊಂದು ಹೋಳಿಗೆ ಹಾಕಿ, ಮೇಲೆ ತುಪ್ಪ ಸುರಿದು ಮುಂದಿನವರ ಕಡೆ ಹೋದರು.